ಮುಂಗೈಗೆ ಒಂದು ಬಲ, ಕಾಲಿಗೆ ಇನ್ನೊಂದು: ಹೊಡೆದಾಟದ ಪ್ರಕರಣವೊಂದರಲ್ಲಿ ಎರಡು ಮೂಳೆ ಮುರಿತಗಳ ಅಧ್ಯಯನ

ಹಿನ್ನೆಲೆ

ಮಧ್ಯ ಕರ್ನಾಟಕದ ಒಣ ಬೇಸಾಯದ ಸೀಮೆಯಲ್ಲಿ, ಹೊಲದ ಬದುವಿನ ವಿಚಾರವಾಗಿ ದಾಯಾದಿಗಳ ನಡುವೆ ನಡೆದ ಹೊಡೆದಾಟದಲ್ಲಿ ಗಾಯಗೊಂಡ, ನಲವತ್ತರ ಆಸುಪಾಸಿನ ರೈತರೊಬ್ಬರ ಪ್ರಕರಣ ಇದು. ಗುರುತು ಸಿಗಬಾರದೆಂದು ಊರು, ವಯಸ್ಸು, ಎದುರಾಳಿಗಳ ಸಂಬಂಧ ಮುಂತಾದ ವಿವರಗಳನ್ನು ಬದಲಿಸಿದೆ ಅಥವಾ ಬಿಟ್ಟಿದೆ. ಮೂಳೆಗಳು ಮುರಿದ ಬಗೆ, ಅವುಗಳ ಬಗ್ಗೆ ವೈದ್ಯರು ತೆಗೆದುಕೊಂಡ ತೀರ್ಮಾನಗಳು ಮತ್ತು ಆ ತೀರ್ಮಾನಗಳು ನಡುವೆ ತಿದ್ದುಪಡಿಯಾದ ಕ್ರಮವೇ ಇಲ್ಲಿ ಮುಖ್ಯ.

ಗಾಯಾಳುವನ್ನು ಸಂಜೆ ಕತ್ತಲಾದ ಮೇಲೆ ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಕರೆತಂದಾಗ ಎಡ ಮುಂಗೈ ಊದಿಕೊಂಡಿತ್ತು. ಬಲಗಾಲಿಗೆ ಮನೆಯವರು ಬಿದಿರಿನ ದಬ್ಬೆ ಇಟ್ಟು ಪಂಚೆಯಿಂದ ಸುತ್ತಿ ಕಟ್ಟಿದ್ದರು. ಊರಿನ ನಾಟಿ ವೈದ್ಯರಲ್ಲಿಗೆ ಹೋಗುವುದೋ ಆಸ್ಪತ್ರೆಗೆ ಬರುವುದೋ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆದಿತ್ತೆಂದು ಅವರ ತಮ್ಮ ಆಮೇಲೆ ಹೇಳಿದರು. ದಬ್ಬೆ ಕಟ್ಟಿದ್ದು ತಪ್ಪೇನಲ್ಲ. ಮುರಿದ ಕಾಲು ಅಲುಗಾಡದಂತೆ ತಂದಿದ್ದರಿಂದ ಒಳಗಿನ ಚೂಪಾದ ತುದಿ ಚರ್ಮವನ್ನು ಸೀಳಿ ಹೊರಬರಲಿಲ್ಲ. ಆದರೆ ಬಿಗಿಯಾದ ಕಟ್ಟಿನ ಕೆಳಗೆ ಊತ ಹೆಚ್ಚಾಗಿ ಸ್ನಾಯುಗಳಿಗೆ ರಕ್ತ ಹರಿಯದಂತಾಗುವ ಅಪಾಯವೂ ಇತ್ತಾದ್ದರಿಂದ, ರಾತ್ರಿ ಪಾಳಿಯ ವೈದ್ಯರು ಮೊದಲು ಆ ಕಟ್ಟನ್ನು ಬಿಚ್ಚಿ, ಬೆರಳುಗಳ ಚಲನೆ, ಸ್ಪರ್ಶ ಮತ್ತು ನಾಡಿಯನ್ನು ನೋಡಿದರು. ಎಕ್ಸ್‌ರೇಯಲ್ಲಿ ಎಡ ಮುಂಗೈಯ ಅಲ್ನಾ ಮೂಳೆಯ ದಂಡವೂ ಬಲಗಾಲಿನ ಟಿಬಿಯಾ (ಮೊಣಕಾಲಿನ ಕೆಳಗಿನ ದಪ್ಪ ಮೂಳೆ) ಮೂಳೆಯ ಕೆಳಭಾಗವೂ ಮುರಿದಿರುವುದು ಕಾಣಿಸಿತು. ಹೊಡೆದಾಟದ ಗಾಯವಾದ್ದರಿಂದ ಎಂ.ಎಲ್.ಸಿ. (ಕಾನೂನು ಸಂಬಂಧಿತ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಪೊಲೀಸ್ ಠಾಣೆಗೆ ಮಾಹಿತಿ ಕಳಿಸಲಾಯಿತು.

ಎರಡು ಹೇಳಿಕೆಗಳು, ಒಂದು ಪ್ರಮಾಣಪತ್ರ

ಫಿರ್ಯಾದಿಯ ಕಡೆಯವರ ಹೇಳಿಕೆಯಂತೆ, ಎದುರಾಳಿ ಬಡಿಗೆಯಿಂದ ಮೊದಲು ಕೈಗೂ ಆಮೇಲೆ ಕಾಲಿಗೂ ಹೊಡೆದು ಎರಡನ್ನೂ ಮುರಿದಿದ್ದ. ಆರೋಪಿಯ ಕಡೆಯವರು ಅದಕ್ಕೆ ಪೂರಾ ವಿರುದ್ಧವಾಗಿ, ಯಾರೂ ಅವನ ಮೈ ಮುಟ್ಟಿಲ್ಲ, ಬೈದಾಡಿ ಓಡುವಾಗ ಬದುವಿನ ಕಲ್ಲುಗಳ ಮೇಲೆ ತಾನೇ ಬಿದ್ದು ಮುರಿದುಕೊಂಡ ಎಂದರು. ಆ ರಾತ್ರಿಯೇ ಬರೆದ ಗಾಯದ ಪ್ರಮಾಣಪತ್ರ ಮೊದಲನೆಯ ಹೇಳಿಕೆಯನ್ನು ಇಡಿಯಾಗಿ ಒಪ್ಪಿಕೊಂಡಿತು. ಎರಡೂ ಮುರಿತಗಳು ಬಡಿಗೆಯಂತಹ ಮೊಂಡು ವಸ್ತುವಿನ ಹೊಡೆತದಿಂದ ಆಗಿವೆ ಎಂಬ ಒಂದು ಸಾಲು ಅದರ ಅಭಿಪ್ರಾಯದ ಕಾಲಂನಲ್ಲಿತ್ತು.

ಕಾನೂನಿನ ದೃಷ್ಟಿಯಿಂದ ಆ ಸಾಲಿಗೆ ಎಷ್ಟು ತೂಕ ಎಂಬುದನ್ನು ಇಲ್ಲಿ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ, ಅದಕ್ಕೆ ಹಿಂದಿದ್ದ ದಂಡ ಸಂಹಿತೆಯ 320ನೇ ಕಲಮಿನಂತೆಯೇ, ಮೂಳೆ ಅಥವಾ ಹಲ್ಲು ಮುರಿದರೆ ಅದನ್ನು ತೀವ್ರ ಗಾಯವೆಂದು ಪರಿಗಣಿಸುತ್ತದೆ. ಅಂದರೆ ತೀವ್ರ ಗಾಯವೆನ್ನಲು ಒಂದು ಮುರಿತ ಸಾಕು, ಎರಡನೆಯದು ಬೇಕಿಲ್ಲ. ಆದರೂ ಎರಡನೆಯ ಮುರಿತದ ಕಾರಣವನ್ನು ತಪ್ಪಾಗಿ ಬರೆದರೆ ಅದು ಮೊದಲನೆಯದನ್ನೂ ಕೆಡಿಸುತ್ತದೆ. ಪಾಟಿ ಸವಾಲಿನಲ್ಲಿ ಕಾಲಿನ ಎಕ್ಸ್‌ರೇ ತೋರಿಸಿ, ಇದು ಬಡಿಗೆಯ ಹೊಡೆತದ ಮುರಿತವಲ್ಲ ಎಂದು ಸಾಧಿಸಿಬಿಟ್ಟರೆ, ಕೈಯ ಬಗ್ಗೆ ಅದೇ ವೈದ್ಯರು ಅದೇ ಸಾಲಿನಲ್ಲಿ ಹೇಳಿದ ಸತ್ಯವನ್ನು ಯಾರು ನಂಬುತ್ತಾರೆ? ಫಿರ್ಯಾದಿಯ ಪರವಾಗಿ ಕಾಣುತ್ತಿದ್ದ ಆ ವಾಕ್ಯವೇ ಅವರಿಗೆ ಮುಳುವಾಗುವಂತಿತ್ತು. ಗಾಯಾಳುವನ್ನು ಮೇಲಿನ ಆಸ್ಪತ್ರೆಗೆ ಕಳಿಸಿ, ಅಲ್ಲಿನ ನಮ್ಮ ಮೂಳೆ ವಿಭಾಗ ಆ ಚಿತ್ರಗಳನ್ನು ಮೊದಲ ಬಾರಿಗೆ ನೋಡಿದಾಗ ಎದುರಾದ ತೊಡಕು ಇದು: ಎರಡು ಮುರಿತಗಳ ಆಕಾರ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಬಲದ ಬಗೆ, ಬಿರುಕಿನ ದಾರಿ

ಮೂಳೆ ಒಂದೇ ಪದಾರ್ಥದಿಂದಾದ ಕಡ್ಡಿಯಲ್ಲ. ತೂಕದ ಲೆಕ್ಕದಲ್ಲಿ ಅದರ ಸುಮಾರು ಮೂರನೇ ಎರಡು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಖನಿಜ. ಉಳಿದದ್ದು ಹೆಚ್ಚಾಗಿ ಕೊಲಾಜೆನ್ ನಾರು ಮತ್ತು ನೀರು. ಖನಿಜ ಅದುಮುವ ಬಲವನ್ನು ತಡೆಯುತ್ತದೆ, ನಾರು ಎಳೆಯುವ ಬಲಕ್ಕೆ ಒಂದಿಷ್ಟು ಜಗ್ಗುತ್ತದೆ. ಈ ಹೊಂದಾಣಿಕೆಯ ಫಲವಾಗಿ ಮೂಳೆಯ ಬಲ ಎಲ್ಲ ದಿಕ್ಕಿಗೂ ಸಮವಾಗಿಲ್ಲ. ಉದ್ದ ಮೂಳೆಯ ಗಟ್ಟಿ ಹೊರಪದರವನ್ನು ಅದರ ಉದ್ದಕ್ಕೆ ಅದುಮಿದರೆ ಅದು ಒತ್ತಡದ ಅಳತೆಯಲ್ಲಿ ಸುಮಾರು 190ರಿಂದ 200 ಮೆಗಾಪಾಸ್ಕಲ್‌ವರೆಗೆ ತಾಳುತ್ತದೆ; ಉದ್ದಕ್ಕೆ ಎಳೆದರೆ ಸುಮಾರು 130ಕ್ಕೇ ಸೋಲುತ್ತದೆ; ಪದರಗಳು ಒಂದರ ಮೇಲೊಂದು ಜಾರುವಂತೆ ತಳ್ಳಿದರೆ ಸುಮಾರು 70ರ ಹತ್ತಿರವೇ ಬಿಟ್ಟುಕೊಡುತ್ತದೆ. ಮುರಿತದ ಗೆರೆಗಳನ್ನು ಓದುವ ವಿದ್ಯೆಯ ಬಹುಪಾಲು ಈ ಮೂರು ಅಂಕಿಗಳಲ್ಲಿಯೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು.

ಎರಡು ತುದಿಗಳಲ್ಲಿ ಹಿಡಿತವಿರುವ ಮೂಳೆಯ ನಡುವೆ ಹೊಡೆತ ಬಿದ್ದರೆ ಮೂಳೆ ಬಾಗುತ್ತದೆ. ಬಾಗಿದಾಗ ಹೊಡೆತ ಬಿದ್ದ ಬದಿ ಅದುಮಲ್ಪಡುತ್ತದೆ, ಎದುರು ಬದಿ ಹಿಗ್ಗುತ್ತದೆ. ಎಳೆತಕ್ಕೆ ಮೂಳೆ ದುರ್ಬಲವಾದ್ದರಿಂದ ಬಿರುಕು ಹುಟ್ಟುವುದು ಹೊಡೆತ ಬಿದ್ದ ಕಡೆಯಲ್ಲಿ ಅಲ್ಲ, ಅದರ ಎದುರು ಬದಿಯಲ್ಲಿ. ಅಲ್ಲಿಂದ ಅದು ಮೂಳೆಗೆ ಅಡ್ಡಲಾಗಿ ನೇರವಾಗಿ ಸಾಗುತ್ತದೆ. ಅದುಮಲ್ಪಟ್ಟ ಬದಿಯನ್ನು ತಲುಪುವಾಗ ಕೆಲವೊಮ್ಮೆ ಬಿರುಕು ಕವಲೊಡೆದು ಇಬ್ಬದಿಗೂ ಓರೆಯಾಗಿ ಇಳಿದು, ತ್ರಿಕೋನಾಕಾರದ ಒಂದು ಚೂರನ್ನು ಬೇರ್ಪಡಿಸುತ್ತದೆ. ಮ್ಯೂನಿಕ್‌ನ ಒಟ್ಟೊ ಮೆಸ್ಸೆರೆರ್ 1880ರಲ್ಲಿ ಮನುಷ್ಯರ ಮೂಳೆಗಳನ್ನು ಯಂತ್ರದಲ್ಲಿಟ್ಟು ಮುರಿದು ನೋಡಿ ಈ ತ್ರಿಕೋನವನ್ನು ವಿವರಿಸಿದ್ದರು. ನ್ಯಾಯವೈದ್ಯಕೀಯದಲ್ಲಿ ಅದು ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ತ್ರಿಕೋನದ ಬುಡ ಹೊಡೆತ ಬಿದ್ದ ಬದಿಗಿರುತ್ತದೆ ಎಂಬುದು ವಾಡಿಕೆಯ ನಿಯಮ. ನಂತರದ ಪ್ರಯೋಗಗಳಲ್ಲಿ ಈ ನಿಯಮ ಪ್ರತಿ ಸಲವೂ ನಿಲ್ಲದಿರುವುದು ಕಂಡುಬಂದಿರುವುದರಿಂದ, ಅದೊಂದನ್ನೇ ಹಿಡಿದು ಹೊಡೆತದ ದಿಕ್ಕನ್ನು ಹೇಳುವುದು ವಿವೇಕವಲ್ಲ.

ತಿರುಚುವ ಬಲದ ಕಥೆ ಬೇರೆ. ಮೂಳೆಯ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ತಿರುಗಿಸಿದಾಗ, ಮೂಳೆಯ ಉದ್ದಕ್ಕೆ 45 ಡಿಗ್ರಿ ಓರೆಯಾದ ದಿಕ್ಕಿನಲ್ಲಿ ಎಳೆತ ಗರಿಷ್ಠವಾಗುತ್ತದೆ. ಬಿರುಕು ಆ ಎಳೆತಕ್ಕೆ ಅಡ್ಡವಾಗಿ ಸಾಗಬೇಕಾದ್ದರಿಂದ ಮೂಳೆಯ ಸುತ್ತ ಬಳ್ಳಿಯಂತೆ ಏರುತ್ತಾ ಹೋಗಿ, ಕೊನೆಗೆ ಸುರುಳಿಯ ಎರಡು ತುದಿಗಳನ್ನು ಕೂಡಿಸುವ ಒಂದು ಉದ್ದ ಗೆರೆಯೊಂದಿಗೆ ಮುಗಿಯುತ್ತದೆ. ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಸುರುಳಿ ಬಲಕ್ಕೋ ಎಡಕ್ಕೋ ಏರುತ್ತದೆ. ಟಿಬಿಯಾ ತನ್ನ ಉದ್ದದಲ್ಲಿ ಅತ್ಯಂತ ಸಣಕಲಾಗುವುದು ನಡುವಿನ ಮತ್ತು ಕೆಳಗಿನ ಮೂರನೇ ಭಾಗಗಳು ಸೇರುವಲ್ಲಿ. ತಿರುಚುವಿಕೆಯನ್ನು ತಡೆಯುವ ಶಕ್ತಿ ಮೂಳೆಯ ಅಡ್ಡಳತೆಯನ್ನು ಬಹಳವಾಗಿ ಅವಲಂಬಿಸಿರುವುದರಿಂದ ಸುರುಳಿ ಮುರಿತಗಳು ಅಲ್ಲಿಯೇ ಹೆಚ್ಚು.

ಇನ್ನೊಂದು ಅಂಶ ವೇಗದ್ದು. ಬಲವನ್ನು ಬೇಗನೆ ಹೇರಿದಷ್ಟೂ ಮೂಳೆ ಮುರಿಯುವ ಮುನ್ನ ಹೆಚ್ಚು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಮುರಿದ ಕ್ಷಣದಲ್ಲಿ ಆ ಶಕ್ತಿಯೆಲ್ಲ ಹೊರಬೀಳುವುದರಿಂದ ಮೂಳೆ ನುಚ್ಚಾಗುತ್ತದೆ, ಸುತ್ತಲಿನ ಮಾಂಸವೂ ಹರಿಯುತ್ತದೆ. ರಸ್ತೆ ಅಪಘಾತದ ಮುರಿತಗಳು ಹಾಗಿರುತ್ತವೆ. ನಮ್ಮ ಗಾಯಾಳುವಿನ ಎರಡೂ ಮೂಳೆಗಳಲ್ಲಿ ನುಚ್ಚಿರಲಿಲ್ಲ. ಎರಡೂ ಮಿತವಾದ ಶಕ್ತಿಯ ಮುರಿತಗಳು, ಆದರೆ ಬೇರೆ ಬೇರೆ ಬಗೆಯವು.

ಮತ್ತೆ ನೋಡಿದಾಗ ಕಂಡದ್ದು

ಅಲ್ನಾ ಮೂಳೆ ಕಿರುಬೆರಳಿನ ಬದಿಯಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಬಹುತೇಕ ಚರ್ಮದ ಕೆಳಗೇ ಇರುವ ಮೂಳೆ. ತಲೆಯ ಮೇಲೆ ಬೀಳುವ ಏಟನ್ನು ತಡೆಯಲು ಯಾರೇ ಕೈ ಎತ್ತಿದರೂ ಮುಂದೆ ಬರುವುದು ಅದೇ ಬದಿ. ಗಾಯಾಳುವಿನ ಅಲ್ನಾದಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಒಂದೇ ಅಡ್ಡ ಗೆರೆ ಇತ್ತು. ಪಕ್ಕದ ರೇಡಿಯಸ್ ಮೂಳೆ ಸುರಕ್ಷಿತವಾಗಿತ್ತು. ಆದರೆ ತಾಲ್ಲೂಕು ಆಸ್ಪತ್ರೆಯ ಚಿತ್ರದಲ್ಲಿ ಮೊಣಕೈ ಬಂದಿರಲಿಲ್ಲ. ಅಲ್ನಾ ಮುರಿದಾಗ ರೇಡಿಯಸ್‌ನ ತಲೆ ಮೊಣಕೈಯಲ್ಲಿ ಜಾರಿರಬಹುದು, ಅದನ್ನು ಬಿಟ್ಟರೆ ಕೈ ಶಾಶ್ವತವಾಗಿ ಸೆಟೆದುಕೊಳ್ಳಬಹುದು. ಜೊತೆಗೆ, ರೇಡಿಯಸ್ ತಲೆ ಜಾರಿದ್ದರೆ ಬಲದ ಬಗೆಯ ವಾದವೂ ಬೇರೆಯಾಗುತ್ತದೆ, ಏಕೆಂದರೆ ಆ ಜೋಡಿ ಗಾಯ ಚಾಚಿದ ಕೈಯ ಮೇಲೆ ಬಿದ್ದಾಗಲೂ ಆಗುತ್ತದೆ. ಮೊಣಕೈ ಮತ್ತು ಮಣಿಕಟ್ಟು ಎರಡೂ ಬರುವಂತೆ ಮತ್ತೆ ಚಿತ್ರ ತೆಗೆಸಲಾಯಿತು. ಎರಡೂ ಕೀಲುಗಳು ಸ್ಥಾನದಲ್ಲಿದ್ದವು. ಇಡೀ ಮುಂಗೈಯಲ್ಲಿ ಆ ಒಂದು ಅಡ್ಡ ಮುರಿತದ ಹೊರತು ಇನ್ನೇನೂ ಇರಲಿಲ್ಲ.

ಕಾಲಿನ ಮೊದಲ ಚಿತ್ರದಲ್ಲಿ ಮೊಣಕಾಲಿರಲಿಲ್ಲ. ಟಿಬಿಯಾದ ಕೆಳಗಿನ ಮೂರನೇ ಭಾಗದಲ್ಲಿ ಉದ್ದನೆಯ ಸುರುಳಿ ಮುರಿತ ಕಾಣುತ್ತಿತ್ತು. ಚಿತ್ರದಲ್ಲಿ ಬಂದಷ್ಟು ಭಾಗದಲ್ಲಿ, ಟಿಬಿಯಾದ ಪಕ್ಕದ ತೆಳು ಮೂಳೆಯಾದ ಫಿಬುಲಾ ಸರಿಯಾಗಿತ್ತು. ಮೊಣಕಾಲಿನಿಂದ ಪಾದದವರೆಗಿನ ಹೊಸ ಚಿತ್ರ ಬಂದಾಗ, ಫಿಬುಲಾ ತನ್ನ ಮೇಲ್ತುದಿಯಲ್ಲಿ, ಮೊಣಕಾಲಿನ ಕೆಳಗೇ ಮುರಿದಿರುವುದು ಗೊತ್ತಾಯಿತು. ಪ್ರಕರಣದ ಮೊದಲ ತಿರುವು ಇದು. ಬಡಿಗೆಯೋ ಬಂಪರೋ ಕಾಲಿಗೆ ನೇರವಾಗಿ ಬಡಿದು ಎರಡೂ ಮೂಳೆಗಳು ಮುರಿದರೆ ಅವು ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಮುರಿಯುತ್ತವೆ. ಕಾಲು ತಿರುಚಿದಾಗ ಮಾತ್ರ ಬಲ ಟಿಬಿಯಾದ ಕೆಳಗಿನಿಂದ ಹೊರಟು, ಎರಡು ಮೂಳೆಗಳ ನಡುವಿನ ಪೊರೆಯ ಮೂಲಕ ಮೇಲೇರಿ, ಫಿಬುಲಾವನ್ನು ಬೇರೊಂದು ಮಟ್ಟದಲ್ಲಿ ಮುರಿಯುತ್ತದೆ. ಒಂದೊಮ್ಮೆ ಮೊದಲ ಚಿತ್ರವನ್ನೇ ನಂಬಿಕೊಂಡಿದ್ದರೆ ಈ ಸುಳಿವು ಶಸ್ತ್ರಚಿಕಿತ್ಸೆಯ ನಂತರ ಎಲ್ಲೋ ಆಕಸ್ಮಿಕವಾಗಿ ಸಿಗಬೇಕಿತ್ತು.

ಮೂಳೆಯೇ ಮೊದಲಿನಿಂದ ದುರ್ಬಲವಾಗಿತ್ತೆ ಎಂಬ ಪ್ರಶ್ನೆಯನ್ನೂ ಕೇಳಿಕೊಂಡೆವು. ಪಾವಗಡದಂತಹ ಸೀಮೆಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅಂತಹ ನೀರು ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರುತ್ತದೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುತ್ತದೆ. ಇವರ ಚಿತ್ರದಲ್ಲಿ ಅದರ ಗುರುತಿರಲಿಲ್ಲ, ಗಡ್ಡೆಯಾಗಲಿ ಟೊಳ್ಳಾದ ಜಾಗವಾಗಲಿ ಇರಲಿಲ್ಲ, ಹೊರಪದರ ದಪ್ಪವಾಗಿಯೇ ಇತ್ತು.

ಇನ್ನುಳಿದದ್ದು ಗಾಯಾಳುವಿನ ಮಾತು. ಅದುವರೆಗೆ ಅವರನ್ನು ಎಲ್ಲರೂ ಕೇಳಿದ್ದು ಯಾರು ಹೊಡೆದರು, ಎಷ್ಟು ಹೊಡೆದರು ಎಂದು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೊಡೆದವರ ವಿಷಯವನ್ನೇ ಎತ್ತದೆ, ಪಾದ ಎಲ್ಲಿತ್ತು, ಮೈ ಯಾವ ಕಡೆ ತಿರುಗಿತ್ತು ಎಂದಷ್ಟೇ ಕೇಳಿದರು. "ಯಜಮಾನರೇ, ಕಾಲು ಮುರಿದಾಗ ಪಾದ ಬಿಡುವಾಗಿತ್ತಾ, ಎಲ್ಲಾದರೂ ಸಿಕ್ಕಿಕೊಂಡಿತ್ತಾ?" ಎಂಬ ಪ್ರಶ್ನೆಗೆ ಬಂದ ಉತ್ತರ ಹೀಗಿತ್ತು: "ಬದುವಿನ ಕಲ್ಲಿನ ಸಂದಿಗೆ ಸಿಕ್ಕಿತ್ತು ಸಾರ್. ಹಿಂದೆ ಬಂದಾನೇನೋ ಅಂತ ಎಡಕ್ಕೆ ತಿರುಗಿದೆ, ಲಟಕ್ ಅಂತು, ಕುಸಿದುಬಿಟ್ಟೆ." ಪಾದ ಸಿಕ್ಕಿಕೊಂಡಿರುವಾಗ ಮೈ ಎಡಕ್ಕೆ ತಿರುಗಿದರೆ ಬಲಗಾಲಿನ ಪಾದ ಮೊಣಕಾಲಿಗೆ ಹೋಲಿಸಿದಂತೆ ಹೊರಕ್ಕೆ ತಿರುಚಿದಂತಾಗುತ್ತದೆ, ಚಿತ್ರದಲ್ಲಿದ್ದ ಸುರುಳಿಯ ದಿಕ್ಕೂ ಅದಕ್ಕೆ ಹೊಂದಿತು. ಅವರು ಸುಳ್ಳು ಹೇಳಿದ್ದರೆಂದು ನನಗೆ ಅನ್ನಿಸುವುದಿಲ್ಲ. ಹೊಡೆದಾಟದಲ್ಲಿ ಕೈ ಮುರಿದ ಮನುಷ್ಯನಿಗೆ, ಅದೇ ನಿಮಿಷದಲ್ಲಿ ಮುರಿದ ಕಾಲೂ ಹೊಡೆದಾಟದ್ದೇ. ಅದನ್ನು "ಹೊಡೆದು ಮುರಿದರು" ಎಂಬ ಒಂದು ಮಾತಿಗೆ ಇಳಿಸಿದವರು ಸುತ್ತಲಿನವರು.

ಪ್ರಮಾಣಪತ್ರದೊಳಗಿದ್ದ ನಿಜವಾದ ಸಾಕ್ಷ್ಯ

ಇಲ್ಲಿಯವರೆಗೆ ಕೈಯ ಮುರಿತವನ್ನು ನೇರ ಹೊಡೆತದ್ದೆಂದು ಹೇಳುವುದು ಸುಲಭವೆನ್ನಿಸುತ್ತಿತ್ತು. ಆದರೆ ವಿಭಾಗದ ಚರ್ಚೆಯಲ್ಲಿ ಎದ್ದ ಒಂದು ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಕಿರಿದಾದ ಗಟ್ಟಿ ವಸ್ತು ಕೈಗೆ ಬಡಿದರೂ, ಕೈಯೇ ಹೋಗಿ ಕಲ್ಲಿನ ಅಂಚಿಗೆ ಬಡಿದರೂ, ಮೂಳೆಯ ಮಟ್ಟಿಗೆ ಎರಡೂ ಒಂದೇ. ಆರೋಪಿಯ ಕಡೆಯವರು ಹೇಳಿದಂತೆ ಕಲ್ಲಿನ ಬದುವಿನ ಮೇಲೆ ಬಿದ್ದು ಕೈ ಮುರಿದಿದ್ದರೂ ಅಡ್ಡ ಗೆರೆಯೇ ಕಾಣುತ್ತಿತ್ತು. ಮೂಳೆ ಇವೆರಡರ ನಡುವೆ ಆಯ್ಕೆ ಮಾಡಿಕೊಡಲಾರದು.

ಚರ್ಮ ಮಾಡಿಕೊಡಬಹುದು. ಆದರೆ ಗಾಯಾಳು ನಮ್ಮಲ್ಲಿಗೆ ಬರುವ ಹೊತ್ತಿಗೆ ಮುಂಗೈ ಪೂರ್ತಿ ಊದಿ, ಸ್ಲ್ಯಾಬಿನ (ಅರ್ಧ ಪ್ಲಾಸ್ಟರ್ ಪಟ್ಟಿಯ) ಒಳಗೆ ನೀಲಿಗಟ್ಟಿತ್ತು. ಆಗ ತೆಗೆದು ನೋಡಿದ ಅದೇ ಹಳೆಯ ಪ್ರಮಾಣಪತ್ರದಲ್ಲಿ, ಅಭಿಪ್ರಾಯದ ಕಾಲಂಗಿಂತ ಮೇಲೆ, ರಾತ್ರಿ ಪಾಳಿಯ ವೈದ್ಯರು ಕಂಡದ್ದನ್ನು ಕಂಡಂತೆ ಬರೆದಿದ್ದ ನಾಲ್ಕು ಸಾಲುಗಳಿದ್ದವು. ಮುಂಗೈಯ ಹೊರಬದಿಯಲ್ಲಿ ಎರಡು ಸಮಾಂತರ ಕೆಂಪು ಗೆರೆಗಳು, ಅವುಗಳ ನಡುವೆ ಬಿಳಿಚಿದ ಚರ್ಮ, ಗೆರೆಗಳ ಉದ್ದ ಮತ್ತು ನಡುವಿನ ಅಂತರ ಸೆಂಟಿಮೀಟರಿನಲ್ಲಿ. ಕಾಲಿನ ಬಗ್ಗೆ: ಮುರಿತದ ಜಾಗದಲ್ಲಿ ತರಚು ಗಾಯವಾಗಲಿ ಏಟಿನ ಗುರುತಾಗಲಿ ಇಲ್ಲ, ಪಾದದ ಹೊರ ಅಂಚಿನಲ್ಲಿ ಮತ್ತು ಹಿಮ್ಮಡಿಯ ಬಳಿ ತರಚು.

ದುಂಡನೆಯ ಕೋಲು ಚರ್ಮಕ್ಕೆ ಬಡಿದಾಗ, ಕೋಲಿನ ಕೆಳಗಿನ ರಕ್ತ ಎರಡೂ ಬದಿಗೆ ತಳ್ಳಲ್ಪಟ್ಟು ಅಂಚುಗಳಲ್ಲಿ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹಾಗಾಗಿ ಜೋಡಿ ಗೆರೆ ಮೂಡಿ ನಡುವಿನ ಚರ್ಮ ಬಿಳಿಚಿ ಉಳಿಯುತ್ತದೆ. ಒರಟು ಕಲ್ಲಿನ ಅಂಚು ಹೀಗೆ ಮಾಡದು, ಅದು ತರಚುತ್ತದೆ. ಅದೇ ರೀತಿ, ಟಿಬಿಯಾದ ಮುಂಬದಿ ಚರ್ಮದ ಕೆಳಗೇ ಇರುವುದರಿಂದ ಅದನ್ನು ಮುರಿಯುವಷ್ಟು ಜೋರಾದ ಬಡಿಗೆಯ ಏಟು ಬಿದ್ದಿದ್ದರೆ ಅಲ್ಲಿ ಗುರುತು ಉಳಿಯಬೇಕಿತ್ತು. ಉಳಿದದ್ದು ಪಾದದ ಅಂಚಿನಲ್ಲಿ, ಕಲ್ಲಿನ ಸಂದಿಗೆ ಸಿಕ್ಕ ಜಾಗದಲ್ಲಿ. ಅಭಿಪ್ರಾಯದಲ್ಲಿ ಎಡವಿದ್ದ ವೈದ್ಯರೇ ವಿವರಣೆಯಲ್ಲಿ ಇಡೀ ಪ್ರಕರಣದ ಅತ್ಯಂತ ಗಟ್ಟಿಯಾದ ಸಾಕ್ಷ್ಯವನ್ನು ಉಳಿಸಿಕೊಟ್ಟಿದ್ದರು. ಅಭಿಪ್ರಾಯವನ್ನು ಮುಂದೆ ಯಾರು ಬೇಕಾದರೂ ತಿದ್ದಬಹುದು. ಆ ಗೆರೆಗಳನ್ನು ಮರುದಿನ ನೋಡಲು ಯಾರಿಂದಲೂ ಆಗುತ್ತಿರಲಿಲ್ಲ. ಪ್ರಕರಣದ ಎರಡನೆಯ ತಿರುವು, ಮತ್ತು ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ಇದೇ.

ಚಿಕಿತ್ಸೆಯ ತೀರ್ಮಾನಗಳು

ಬಲದ ಬಗೆಯನ್ನು ಅರಿಯುವುದು ಕೋರ್ಟಿಗಾಗಿ ಮಾತ್ರವಲ್ಲ ಎಂಬುದಕ್ಕೂ ಈ ಪ್ರಕರಣ ಒಳ್ಳೆಯ ನಿದರ್ಶನ. ಟಿಬಿಯಾದ ಕೆಳಭಾಗದ ಸುರುಳಿ ಮುರಿತಗಳಲ್ಲಿ ಬಿರುಕು ಕಣ್ಣಿಗೆ ಕಾಣದಂತೆ ಪಾದದ ಕೀಲಿನವರೆಗೆ ಇಳಿದು, ಕೀಲಿನ ಹಿಂಬದಿಯ ಅಂಚನ್ನು ಬೇರ್ಪಡಿಸಿರುವುದು ಸಾಮಾನ್ಯ. ಅಡ್ಡ ಮುರಿತದಲ್ಲಿ ಇದು ಅಪರೂಪ. ಎಕ್ಸ್‌ರೇಯಲ್ಲಿ ಅದು ಕಾಣದಿದ್ದರೂ, ಮುರಿತ ತಿರುಚಿದ್ದೆಂಬ ಕಾರಣದಿಂದಲೇ ಸಿ.ಟಿ. ಸ್ಕ್ಯಾನ್ ಮಾಡಿಸಲಾಯಿತು. ಹಿಂಬದಿಯ ಅಂಚು ಬಿರುಕು ಬಿಟ್ಟಿತ್ತು, ಆದರೆ ಕದಲಿರಲಿಲ್ಲ. ಅದನ್ನು ತಿಳಿಯದೆ ಟಿಬಿಯಾದೊಳಗೆ ರಾಡ್ ಇಳಿಸಿದ್ದರೆ ರಾಡ್‌ನ ಒತ್ತಡಕ್ಕೆ ಆ ಚೂರು ಜರುಗಿ ಕೀಲಿನ ಮೇಲ್ಮೈ ಕೆಡುವ ಸಂಭವವಿತ್ತು. ಆದ್ದರಿಂದ ಮೊದಲು ಆ ಚೂರಿಗೆ ಸ್ಕ್ರೂ ಹಾಕಿ, ಆಮೇಲೆ ರಾಡ್ ಕೂರಿಸಲಾಯಿತು. ಫಿಬುಲಾದ ಮೇಲ್ತುದಿಯ ಮುರಿತವನ್ನು ಹಾಗೆಯೇ ಬಿಡಲಾಯಿತು. ಅಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿಲ್ಲವೆಂಬುದನ್ನು ಮಾತ್ರ ಪಾದವನ್ನು ಮೇಲೆತ್ತಿಸಿ ಖಚಿತಪಡಿಸಿಕೊಳ್ಳಲಾಯಿತು.

ಅಲ್ನಾದ ವಿಚಾರದಲ್ಲಿ ಅಭಿಪ್ರಾಯ ಭೇದವಿತ್ತು. ಮೂಳೆಯ ತುದಿಗಳು ಅರ್ಧದಷ್ಟೂ ಸರಿದಿರಲಿಲ್ಲ, ಓರೆ 10 ಡಿಗ್ರಿಗಿಂತ ಕಡಿಮೆ. ಅಂತಹ ಮುರಿತ ಶಸ್ತ್ರಚಿಕಿತ್ಸೆಯಿಲ್ಲದೆ ಪಟ್ಟಿಯಲ್ಲಿಯೇ ಕೂಡಿಕೊಳ್ಳುತ್ತದೆ. ಕಾಲು ಸರಿಯಿದ್ದಿದ್ದರೆ ಯಾರೂ ಬೇರೆ ಯೋಚನೆ ಮಾಡುತ್ತಿರಲಿಲ್ಲ. ಆದರೆ ಬಲಗಾಲಿಗೆ ಭಾರ ಹಾಕದೆ ನಡೆಯಬೇಕಾದವರಿಗೆ ವಾಕರ್ ಹಿಡಿಯಲು ಎರಡೂ ಕೈ ಬೇಕು, ಪಟ್ಟಿಯಲ್ಲಿರುವ ಕೈಯ ಮೇಲೆ ಮೈಭಾರ ಹಾಕಿಸುವಂತಿಲ್ಲ. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದಕ್ಕಿಂತ ಪ್ಲೇಟ್ ಹಾಕಿ ಬೇಗ ನಿಲ್ಲಿಸುವುದು ಮೇಲೆಂದು, ಗಾಯಾಳು ಮತ್ತು ಅವರ ಮನೆಯವರಿಗೆ ಎರಡೂ ದಾರಿಗಳನ್ನು ವಿವರಿಸಿದ ನಂತರ, ತೀರ್ಮಾನವಾಯಿತು.

ಈ ತೀರ್ಮಾನಕ್ಕೆ ಒಂದು ಬೆಲೆ ಇತ್ತು. ಮೂಳೆಯನ್ನು ಕೂಡಿಸಿ ಪ್ಲೇಟ್ ಹಾಕಿದ ಮೇಲೆ ಮುರಿತದ ಗೆರೆಯನ್ನು ಮೊದಲಿದ್ದಂತೆ ಮತ್ತೆ ಯಾರೂ ನೋಡಲಾಗದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೇ, ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಬರುವಂತಹ, ಎಡ-ಬಲದ ಗುರುತು ಮತ್ತು ದಿನಾಂಕವಿರುವ ಚಿತ್ರಗಳನ್ನು ದಾಖಲೆಗೆ ಸೇರಿಸಿ, ಒಂದು ಪ್ರತಿಯನ್ನು ತನಿಖಾಧಿಕಾರಿಗೆ ಕೊಡಲಾಯಿತು. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಕಣ್ಣಾರೆ ಕಂಡದ್ದನ್ನೂ ಬರೆದಿಡಲಾಯಿತು: ಅಡ್ಡ ಮುರಿತ, ಚರ್ಮದ ಬದಿಯಲ್ಲಿ ಎಕ್ಸ್‌ರೇಗೆ ಸಿಗದಷ್ಟು ಸಣ್ಣದೊಂದು ತ್ರಿಕೋನ ಚೂರು. ವಾಡಿಕೆಯ ನಿಯಮಕ್ಕೆ ಅದು ಹೊಂದುತ್ತಿತ್ತು, ಆದರೆ ಅಭಿಪ್ರಾಯವನ್ನು ಅದರ ಮೇಲೆ ನಿಲ್ಲಿಸಲಿಲ್ಲ.

ಹೆಚ್ಚುವರಿ ಅಭಿಪ್ರಾಯ ಮತ್ತು ಪಾಟಿ ಸವಾಲು

ಹಳೆಯ ಪ್ರಮಾಣಪತ್ರವನ್ನು ವಾಪಸು ಪಡೆದು ಹೊಸದನ್ನು ಬರೆಯಬೇಕೆಂಬ ಸಲಹೆ ಬಂದಿತ್ತು, ಅದನ್ನು ಒಪ್ಪಲಿಲ್ಲ. ಒಮ್ಮೆ ಠಾಣೆ ಸೇರಿದ ದಾಖಲೆಯನ್ನು ಬದಲಿಸುವುದು ಅನುಮಾನಕ್ಕೆ ದಾರಿ, ಮೇಲಾಗಿ ಚರ್ಮದ ವಿವರಣೆ ಇದ್ದುದೇ ಅದರಲ್ಲಿ. ಅದನ್ನು ಹಾಗೆಯೇ ಇಟ್ಟು, ತನಿಖಾಧಿಕಾರಿ ಜಪ್ತಿ ಮಾಡಿದ ಬಡಿಗೆಯನ್ನು ಕಳಿಸಿ ಲಿಖಿತವಾಗಿ ಪ್ರಶ್ನೆ ಕೇಳಿದಾಗ ಹೆಚ್ಚುವರಿ ಅಭಿಪ್ರಾಯ ಕೊಡಲಾಯಿತು. ಅದರ ಸಾರಾಂಶ ಹೀಗೆ: ಅಲ್ನಾದ ಮುರಿತ ಕಿರಿದಾದ ಗಟ್ಟಿ ವಸ್ತುವಿನ ನೇರ ಬಡಿತಕ್ಕೆ ಹೊಂದುತ್ತದೆ, ಚರ್ಮದ ಗುರುತು ದುಂಡನೆಯ ಕೋಲಿಗೆ ಹೊಂದುತ್ತದೆ, ತೋರಿಸಿದ ಬಡಿಗೆಯ ದಪ್ಪ ಆ ಗೆರೆಗಳ ಅಂತರಕ್ಕೆ ವಿರುದ್ಧವಾಗಿಲ್ಲ. ಟಿಬಿಯಾ ಮತ್ತು ಫಿಬುಲಾದ ಮುರಿತಗಳು ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಕಾಲು ತಿರುಚಿದ್ದಕ್ಕೆ ಹೊಂದುತ್ತವೆ. ನೇರ ಹೊಡೆತವೊಂದರಿಂದಲೇ ಅವು ಆಗಿರುವ ಸಂಭವ ಕಡಿಮೆ.

ಗಾಯಾಳುವಿನ ಮನೆಯವರಿಗೆ ಇದು ಹಿಡಿಸಲಿಲ್ಲ. ಡಾಕ್ಟರು ಅವರ ಕಡೆ ಬರೆದುಕೊಟ್ಟರು ಎಂಬ ಮಾತು ವಾರ್ಡಿನಲ್ಲಿ ಕೆಲವು ದಿನ ಓಡಾಡಿತು. ಆರೋಪಿಯ ಕಡೆಯವರು ಇದನ್ನೇ ಗೆಲುವೆಂದುಕೊಂಡರು. ಎರಡೂ ಅವಸರದ ಓದುಗಳು ಎಂಬುದು ಸಾಕ್ಷ್ಯ ನುಡಿಯುವ ದಿನ ಗೊತ್ತಾಯಿತು. ಆರೋಪಿ ಪರ ವಕೀಲರು, ಹಾಗಾದರೆ ಕಾಲು ತಾನಾಗಿ ಬಿದ್ದು ಮುರಿದದ್ದೆಂದು ಒಪ್ಪುತ್ತೀರಾ ಎಂದು ಕೇಳಿದರು. ಕಾಲು ತಿರುಚಿ ಮುರಿದಿದೆ ಎಂದಷ್ಟೇ ಹೇಳಬಲ್ಲೆ, ಅವರು ತಾವಾಗಿ ತಿರುಗಿದರೋ, ಯಾರಾದರೂ ತಳ್ಳಿದ್ದರಿಂದ ತಿರುಗಿದರೋ ಎಂಬುದು ಎಕ್ಸ್‌ರೇಯಲ್ಲಿ ಇರುವುದಿಲ್ಲ ಎಂದು ನಮ್ಮ ಸಹೋದ್ಯೋಗಿ ಉತ್ತರಿಸಿದರು. ಚಾಚಿದ ಕೈಯ ಮೇಲೆ ಬಿದ್ದರೆ ಅಲ್ನಾ ಮುರಿಯಬಾರದೇಕೆ ಎಂಬುದು ಮುಂದಿನ ಪ್ರಶ್ನೆ. ಅಂಗೈ ಊರಿ ಬಿದ್ದಾಗ ಮಣಿಕಟ್ಟಿನಲ್ಲಿ ಭಾರದ ಹೆಚ್ಚಿನ ಪಾಲನ್ನು ಹೊರುವುದು ರೇಡಿಯಸ್. ಮುರಿಯುವುದೂ ಸಾಮಾನ್ಯವಾಗಿ ಅದರ ಕೆಳತುದಿ. ರೇಡಿಯಸ್ ಮತ್ತು ಎರಡೂ ಕೀಲುಗಳು ಸರಿಯಿದ್ದು ಅಲ್ನಾದ ದಂಡ ಮಾತ್ರ ಅಡ್ಡ ಮುರಿಯುವುದು ಆ ಬಗೆಯಲ್ಲ. ಕಲ್ಲಿಗೆ ಬಡಿದಿರಬಹುದಲ್ಲ ಎಂದಾಗ, ಮೊದಲ ರಾತ್ರಿಯ ಆ ನಾಲ್ಕು ಸಾಲುಗಳನ್ನು ಓದಿ ಹೇಳಲಾಯಿತು. ವಕೀಲರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮೊದಲ ಅಭಿಪ್ರಾಯವನ್ನೇ ಪಟ್ಟಾಗಿ ಸಮರ್ಥಿಸಿಕೊಂಡಿದ್ದರೆ ಈ ಸವಾಲು ಕಾಲಿನಿಂದ ಶುರುವಾಗಿ ಕೈಯ ಬುಡಕ್ಕೂ ಬರುತ್ತಿತ್ತು. ಹೇಳಬಹುದಾದಷ್ಟನ್ನೇ ಹೇಳಿದ್ದರಿಂದ, ಹೇಳಿದ ಭಾಗ ನಿಂತಿತು. ತೀರ್ಪು ಏನಾಗಬೇಕೆಂಬುದು ವೈದ್ಯರ ವಿಷಯವಲ್ಲವಾದ್ದರಿಂದ ಅದನ್ನು ಇಲ್ಲಿ ಚರ್ಚಿಸುತ್ತಿಲ್ಲ.

ನಂತರ

ಗಾಯಾಳು ವಾಕರ್ ಹಿಡಿದು ಬೇಗನೆ ನಡೆಯತೊಡಗಿದರು. ಅಲ್ನಾ ಮೊದಲು ಕೂಡಿಕೊಂಡಿತು. ಸುರುಳಿ ಮುರಿತದಲ್ಲಿ ಮೂಳೆಗೆ ಮೂಳೆ ತಾಗುವ ಮೇಲ್ಮೈ ಹೆಚ್ಚಿರುವುದು ಅನುಕೂಲವಾದರೂ, ಕೆಳಗಿನ ಟಿಬಿಯಾಕ್ಕೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಅದಕ್ಕೆ ಹೆಚ್ಚು ಕಾಲ ಹಿಡಿಯಿತು. ಮುಂದಿನ ಬಿತ್ತನೆಯ ಹೊತ್ತಿಗೆ ಅವರು ಹೊಲಕ್ಕೆ ಮರಳಿದ್ದರು, ದೂರ ನಡೆದಾಗ ಪಾದದ ಕೀಲು ಸ್ವಲ್ಪ ಬಿಗಿಯುತ್ತದೆ ಎಂಬ ದೂರು ಮಾತ್ರ ಉಳಿದಿತ್ತು.

ತಾಲ್ಲೂಕು ಆಸ್ಪತ್ರೆಯ ವೈದ್ಯರೊಂದಿಗೆ ಈ ಪ್ರಕರಣವನ್ನು ಇಟ್ಟುಕೊಂಡು ಮಾತಾಡಿದಾಗ ಅವರು ಎತ್ತಿದ ತಕರಾರು ನ್ಯಾಯವಾದದ್ದೇ. ಠಾಣೆಯವರು ಪ್ರಮಾಣಪತ್ರವನ್ನು ಅದೇ ರಾತ್ರಿ ಕೇಳುತ್ತಾರೆ, ಯಾವ ಕಲಂ ಹಾಕಬೇಕೆಂಬುದು ಅದರ ಮೇಲೆ ನಿಂತಿರುತ್ತದೆ, ಪೂರ್ಣ ಎಕ್ಸ್‌ರೇ ತೆಗೆಯುವ ತಂತ್ರಜ್ಞರು ಆ ಹೊತ್ತಿನಲ್ಲಿ ಎಲ್ಲ ಕಡೆ ಇರುವುದಿಲ್ಲ. ಒಪ್ಪಿಕೊಂಡ ದಾರಿ ಇಷ್ಟು: ಒಂದು ಮುರಿತ ಖಚಿತವಾದ ಕೂಡಲೇ ತೀವ್ರ ಗಾಯವೆಂದು ಆ ರಾತ್ರಿಯೇ ಬರೆಯಬಹುದು, ಅದಕ್ಕೆ ಕಾರಣ ಗೊತ್ತಿರಬೇಕಿಲ್ಲ. ಚರ್ಮದ ಪ್ರತಿ ಗುರುತನ್ನೂ, ಗುರುತಿಲ್ಲದಿದ್ದರೆ ಇಲ್ಲವೆಂಬುದನ್ನೂ, ಅಳತೆಯೊಂದಿಗೆ ಆಗಲೇ ಬರೆಯಬೇಕು, ಸಾಧ್ಯವಿದ್ದರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಯಾವ ವಸ್ತುವಿನಿಂದ, ಯಾವ ಬಲದಿಂದ ಎಂಬ ಕಾಲಂಗೆ ಮಾತ್ರ, ಎರಡೂ ಕೀಲುಗಳಿರುವ ಚಿತ್ರ ಬಂದ ನಂತರ ಅಭಿಪ್ರಾಯ ನೀಡಲಾಗುವುದು ಎಂದು ಬರೆದು ಬಿಡಬೇಕು. ಕೆಲವು ಠಾಣಾಧಿಕಾರಿಗಳು ಮೊದಮೊದಲು ಆ ಕಾಲಂ ತುಂಬಿಸಿಕೊಡಿ ಎಂದು ಪಟ್ಟು ಹಿಡಿದರು. ಎಫ್.ಐ.ಆರ್. ದಾಖಲಿಸಲು ಅದು ಬೇಕಾಗಿಲ್ಲವೆಂದು ತಿಳಿದ ಮೇಲೆ ಈಗ ಸುಮ್ಮನಿರುತ್ತಾರೆ.